ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಓವರ್‌ಕ್ಲಾಕ್ ಕೈಕೊಟ್ಟಾಗ ಚಿಪ್‌ಸೆಟ್ ಕಡೆಗೂ ನೋಡಿ

ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಮೇಲೆ ಓಡಿಸಿದ್ದೀರಿ, ಅಂದರೆ ಓವರ್‌ಕ್ಲಾಕ್ ಮಾಡಿದ್ದೀರಿ. ಅದನ್ನು ದುಡಿಸಿ ನೋಡುವ ಪ್ರೈಮ್95 ತಂತ್ರಾಂಶ ರಾತ್ರಿಯಿಡೀ ಓಡಿದರೂ ಒಂದು ತಪ್ಪೂ ಇಲ್ಲ. ಮರುದಿನ ಗೇಮ್ ಹಾಕಿ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಎರಡನೇ ಎಸ್‌ಎಸ್‌ಡಿ ಮಾಯ, ಮೌಸ್ ಒಂದು ಕ್ಷಣ ಸತ್ತು ಬದುಕುತ್ತದೆ, ಆಮೇಲೆ ಪರದೆ ನಿಂತಲ್ಲೇ ನಿಲ್ಲುತ್ತದೆ. ಇಂಥ ಹೊತ್ತಲ್ಲಿ ಹೆಚ್ಚಿನವರ ಕೈ ಹೋಗುವುದು ಬಯಾಸ್‌ನ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ) ವಿಕೋರ್ ಸಾಲಿಗೆ, ಅಂದರೆ ಪ್ರೊಸೆಸರ್ ಕೋರ್‌ಗಳ ವೋಲ್ಟೇಜಿಗೆ. 0.025 ವೋಲ್ಟ್ ಏರಿಸು, ನೋಡು, ಇನ್ನೊಂದು 0.025 ಏರಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಪ್ರೊಸೆಸರ್ ಗಟ್ಟಿಯಾಗೇ ಇದೆ. ಏರಿಸಿದ ವೋಲ್ಟೇಜು ಕೇಸ್ ಒಳಗಿನ ಗಾಳಿಯನ್ನು ಇನ್ನಷ್ಟು ಕಾಯಿಸಿ, ನಿಜವಾಗಿ ಬಳಲಿರುವ ಚಿಪ್‌ಸೆಟ್ಟನ್ನು, ಅಂದರೆ ಡ್ರೈವ್, ಯುಎಸ್‌ಬಿ, ನೆಟ್‌ವರ್ಕ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಬೋರ್ಡ್ ಮೇಲಿನ ಚಿಪ್ಪನ್ನು, ಇನ್ನಷ್ಟು ಬಳಲಿಸುತ್ತದೆ.

ಹಿಂದೆ ಲೆಕ್ಕ ಬೇರೆ ಇತ್ತು. ಮೆಮೊರಿ ಕಂಟ್ರೋಲರ್ ಚಿಪ್‌ಸೆಟ್‌ನ ನಾರ್ತ್‌ಬ್ರಿಡ್ಜ್ ಎಂಬ ಭಾಗದಲ್ಲಿದ್ದ ಕಾಲದಲ್ಲಿ ಬಸ್ ವೇಗ ಏರಿಸಿದರೆ ಚಿಪ್‌ಸೆಟ್ಟೂ ಜೊತೆಗೇ ಕಾಯುತ್ತಿತ್ತು; ಇಂಟೆಲ್‌ನ ಎಕ್ಸ್48 ಒಂದೇ 30.5 ವ್ಯಾಟ್‌ನ ಚಿಪ್. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಆ ಕಂಟ್ರೋಲರನ್ನು ಪ್ರೊಸೆಸರ್ ಒಳಗೆ ತಂದವು. 2011ರ ಪಿ67ಗೆ ಬರುವಷ್ಟರಲ್ಲಿ ಚಿಪ್‌ಸೆಟ್ 6.1 ವ್ಯಾಟ್‌ಗೆ ಇಳಿದಿತ್ತು, ಸಣ್ಣ ಅಲ್ಯೂಮಿನಿಯಂ ತಟ್ಟೆ ಸಾಕಾಗಿತ್ತು. 2019ರಲ್ಲಿ ಪಿಸಿಐಇ 4.0 (ಕಾರ್ಡ್, ಡ್ರೈವ್‌ಗಳ ಡೇಟಾ ಓಡುವ ವೇಗದ ದಾರಿ) ಹೊತ್ತು ಬಂದ ಎಎಂಡಿ ಎಕ್ಸ್570 ಮತ್ತೆ 11ರಿಂದ 15 ವ್ಯಾಟ್ ತಿನ್ನತೊಡಗಿತು. ಎಲ್ಲರೂ ಮರೆತಿದ್ದ ಪುಟಾಣಿ ಚಿಪ್‌ಸೆಟ್ ಫ್ಯಾನ್ ವಾಪಸ್ ಬಂತು. ಆ ಬೋರ್ಡ್‌ಗಳು ಈಗಲೂ ಎಎಂಡಿಯ ರೈಜೆನ್ 5800ಎಕ್ಸ್ ಪ್ರೊಸೆಸರ್ ಜೊತೆ ಸಾಕಷ್ಟು ಮನೆಗಳಲ್ಲಿ ಓಡುತ್ತಿವೆ, ಆ ಫ್ಯಾನ್‌ಗಳಿಗೆ ವಯಸ್ಸಾಗಿದೆ. ಇಲ್ಲಿ ಅದೇ ಜೋಡಿಯನ್ನು ಉದಾಹರಣೆಗೆ ಹಿಡಿಯೋಣ.

ಒಂದು ತಪ್ಪು ತಿಳಿವಳಿಕೆ ಮೊದಲು ಹೋಗಲಿ. ಮಲ್ಟಿಪ್ಲೈಯರ್ (ಪ್ರೊಸೆಸರ್ ವೇಗದ ಗುಣಕ) ಏರಿಸಿದರೆ ಅಥವಾ ಪಿಬಿಓ (ಎಎಂಡಿಯ ಸ್ವಯಂ ಓವರ್‌ಕ್ಲಾಕ್ ಸೌಲಭ್ಯ) ಹಾಕಿದರೆ ಚಿಪ್‌ಸೆಟ್‌ನ ಕೆಲಸ ಹೆಚ್ಚುವುದಿಲ್ಲ. ಅದರ ಗಡಿಯಾರ ಬೇರೆ. ಅದು ಕಾಯುವುದು ಮೂರು ಕಾರಣಕ್ಕೆ: ಗ್ರಾಫಿಕ್ಸ್ ಕಾರ್ಡ್ ಅದರ ಮೇಲೇ ಕೂತು 300 ವ್ಯಾಟ್‌ನ ಬಿಸಿಗಾಳಿ ಊದುತ್ತದೆ, ಮೊದಲ ಸ್ಲಾಟಿನದು ಬಿಟ್ಟು ಉಳಿದ ಎನ್‌ವಿಎಂಇ ಡ್ರೈವ್‌ಗಳ (ಪಿಸಿಐಇ ಬಳಸುವ ಎಸ್‌ಎಸ್‌ಡಿಗಳ) ಡೇಟಾ ಅದರ ಮೂಲಕ ಹಾಯುತ್ತದೆ, ಫ್ಯಾನ್‌ಗೆ ಧೂಳು ತುಂಬಿರುತ್ತದೆ. ಹೊರತಾದದ್ದು ಬಿಸಿಎಲ್‌ಕೆ, ಅಂದರೆ ಇಡೀ ಬೋರ್ಡ್‌ನ ಮೂಲ ಗಡಿಯಾರ, ಮಾತ್ರ. ಪ್ರತ್ಯೇಕ ಕ್ಲಾಕ್ ಜನರೇಟರ್ ಇಲ್ಲದ ಬೋರ್ಡ್‌ನಲ್ಲಿ ಅದನ್ನು 100 ಮೆಗಾಹರ್ಟ್ಸ್‌ನಿಂದ ಮೇಲೆ ತಳ್ಳಿದರೆ ಪಿಸಿಐಇ, ಸಾಟಾ (ಹಳೆಯ ಬಗೆಯ ಡ್ರೈವ್ ಜೋಡಣೆ) ಎಲ್ಲದರ ವೇಗವೂ ಜೊತೆಗೇ ಏರುತ್ತದೆ. ಮೊದಲು ಕೆಡುವುದು ಡ್ರೈವ್‌ನಲ್ಲಿರುವ ಡೇಟಾ. 2 ಮೆಗಾಹರ್ಟ್ಸ್ ಲಾಭಕ್ಕೆ ಫೈಲ್ ಸಿಸ್ಟಂ ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ, 100ಕ್ಕೇ ಬಿಡಿ.

ಇನ್ನು ಪತ್ತೇದಾರಿಕೆ. ಯಾವುದು ಬಿತ್ತು ಎಂಬುದೇ ಇಲ್ಲಿ ಮುಖ್ಯ ಸುಳಿವು. 5800ಎಕ್ಸ್‌ನಿಂದ ಹೊರಡುವ 24 ಪಿಸಿಐಇ ಲೇನ್‌ಗಳಲ್ಲಿ (ಡೇಟಾ ಸಾಲುಗಳಲ್ಲಿ) 16 ಗ್ರಾಫಿಕ್ಸ್ ಕಾರ್ಡ್‌ಗೆ, 4 ಎಸ್‌ಎಸ್‌ಡಿ ಕೂರುವ ಮೊದಲ ಎಂ.2 ಸ್ಲಾಟ್‌ಗೆ, ಉಳಿದ 4 ಚಿಪ್‌ಸೆಟ್‌ಗೆ. ಕೇಸ್ ಹಿಂಬದಿಯ ಯುಎಸ್‌ಬಿ ಪೋರ್ಟ್‌ಗಳಲ್ಲಿ ನಾಲ್ಕು ನೇರ ಪ್ರೊಸೆಸರ್‌ನವು. ಎರಡನೇ ಎಂ.2, ನೆಟ್‌ವರ್ಕ್, ಮುಂದಿನ ಯುಎಸ್‌ಬಿ, ಬಹುಪಾಲು ಸಾಟಾ ಪೋರ್ಟ್‌ಗಳು ಚಿಪ್‌ಸೆಟ್‌ನ ಮನೆಯವು. ನಿಮ್ಮ ಬೋರ್ಡ್ ಕೈಪಿಡಿಯ ಬ್ಲಾಕ್ ಚಿತ್ರದಲ್ಲಿ ಇದು ಖಚಿತವಾಗಿ ಸಿಗುತ್ತದೆ. ಒಂದೇ ಕ್ಷಣದಲ್ಲಿ ನೆಟ್‌ವರ್ಕ್, ಎರಡನೇ ಎಸ್‌ಎಸ್‌ಡಿ, ಮುಂದಿನ ಪೆನ್‌ಡ್ರೈವ್ ಮೂರೂ ಹೋದರೆ ಅನುಮಾನ ಎಲ್ಲಿಗೆ ಹೋಗಬೇಕೆಂದು ಬೇರೆ ಹೇಳಬೇಕಿಲ್ಲ. ಒಂದು ಎಸ್‌ಎಸ್‌ಡಿ ಮಾತ್ರ ಹೋದರೆ ಮೊದಲು ಅದರದೇ ತಾಪಮಾನ ನೋಡಿ, ಆಮೇಲೆ ಅದನ್ನು ಮೊದಲ ಸ್ಲಾಟ್‌ಗೆ ಹಾಕಿ ಪರೀಕ್ಷಿಸಿ.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿ. ಅಲ್ಲಿ ಪ್ರತಿ ದಾಖಲೆಗೂ ಒಂದು ಹೆಸರು, ಒಂದು ಸಂಖ್ಯೆ ಇರುತ್ತದೆ. ಕರ್ನಲ್-ಪವರ್ 41 ಎಂಬುದಕ್ಕೆ ಬೆಲೆ ಕೊಡಬೇಡಿ. ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅದರ ಅರ್ಥ. ಸ್ಟೋರ್‌ಎನ್‌ವಿಎಂಇ ಹೆಸರಿನಲ್ಲಿ 129 ಅಥವಾ 11, ಡಿಸ್ಕ್ ಹೆಸರಿನಲ್ಲಿ 153 ಇದ್ದರೆ ಡ್ರೈವ್ ಉತ್ತರ ಕೊಟ್ಟಿಲ್ಲ. ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ತಪ್ಪುಗಳನ್ನು ಬರೆದಿಡುವ ವಿಂಡೋಸ್‌ನ ಭಾಗ) 17 ಎಂದರೆ ಪಿಸಿಐಇ ದಾರಿಯಲ್ಲಿ ತಿದ್ದಿಕೊಂಡ ತಪ್ಪು. ಗ್ರಾಫಿಕ್ಸ್ ಕಾರ್ಡ್‌ಗೆ ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಇಡುವ ಕೇಬಲ್) ಹಾಕಿದ್ದರೆ ಬಯಾಸ್‌ನಲ್ಲಿ ಸ್ಲಾಟನ್ನು ಪಿಸಿಐಇ 3.0ಗೆ (ಜೆನ್3) ಇಳಿಸಿ ನೋಡಿ. ಅದೇ ಲಾಗರ್‌ನ 18, ಜೊತೆಗೆ 'ಕ್ಯಾಶ್ ಹೈರಾರ್ಕಿ ಎರರ್' ಎಂದಿದ್ದರೆ ತಪ್ಪು ಪ್ರೊಸೆಸರ್ ಕೋರ್‌ನದು. ಅಲ್ಲಿರುವ ಎಪಿಐಸಿ ಐಡಿಯನ್ನು (ಪ್ರತಿ ಕೋರ್‌ಗೆ ಇಂಥ ಎರಡು ಸಂಖ್ಯೆ) ಎರಡರಿಂದ ಭಾಗಿಸಿ: 5800ಎಕ್ಸ್‌ನಲ್ಲಿ 10 ಅಥವಾ 11 ಬಂದರೆ ಸೊನ್ನೆಯಿಂದ ಎಣಿಸಿದಾಗ 5ನೇ ಕೋರ್. ಒಂದೊಂದು ಕೋರ್‌ನ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಆ ಕೋರ್‌ಗೆ ಮೈನಸ್ 30 ಕೊಟ್ಟಿದ್ದರೆ ಮೈನಸ್ 20ಕ್ಕೆ ತನ್ನಿ. ಒಂದೊಂದು ಎಣಿಕೆಗೂ 3ರಿಂದ 5 ಮಿಲಿವೋಲ್ಟ್. ಇಂಥ ಕುಸಿತ ಹೆಚ್ಚಾಗಿ ಆಗುವುದು ಭಾರದಲ್ಲಲ್ಲ, ಬ್ರೌಸರ್ ತೆರೆದು ಸುಮ್ಮನೆ ಕೂತಾಗ, ಏಕೆಂದರೆ ಒಂಟಿ ಕೋರ್ ತನ್ನ ಗರಿಷ್ಠ ವೇಗಕ್ಕೆ ಜಿಗಿಯುವುದು ಆಗಲೇ.

ಅದೇ ಲಾಗರ್‌ನ 19 ತುಂಬಿಕೊಂಡಿದ್ದರೆ? 'ಬಸ್/ಇಂಟರ್‌ಕನೆಕ್ಟ್ ಎರರ್' ಎಂದು ಓದಿ ಚಿಪ್‌ಸೆಟ್ ವೋಲ್ಟೇಜ್ ಏರಿಸುವವರಿದ್ದಾರೆ. ಇದು ಇನ್ಫಿನಿಟಿ ಫ್ಯಾಬ್ರಿಕ್‌ನ, ಅಂದರೆ ಪ್ರೊಸೆಸರ್‌ನ ಭಾಗಗಳನ್ನು ಬೆಸೆಯುವ ಜಾಲದ ಗೊಣಗಾಟ, ಅದು ಪ್ರೊಸೆಸರ್ ಒಳಗಿದೆ. ಅದರ ಗಡಿಯಾರವಾದ ಎಫ್‌ಸಿಎಲ್‌ಕೆಯನ್ನು 1900 ದಾಟಿಸಿದ್ದರೆ 1800ಕ್ಕೆ ಇಳಿಸಿ, ಮೆಮೊರಿಯನ್ನು 3600ಕ್ಕೆ ಹೊಂದಿಸಿ. ಎಸ್‌ಓಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗದ್ದು) 1.10 ವೋಲ್ಟ್ ಸುತ್ತ ಇರಲಿ, ವಿಡಿಡಿಜಿ (ಫ್ಯಾಬ್ರಿಕ್‌ನ ವೋಲ್ಟೇಜ್) ಅದಕ್ಕಿಂತ ಕನಿಷ್ಠ 40 ಮಿಲಿವೋಲ್ಟ್ ಕೆಳಗಿರಲಿ.

ಯುಎಸ್‌ಬಿ ಮಾತ್ರ ಬಿಟ್ಟುಬಿಟ್ಟು ಕಡಿಯುತ್ತಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಬಯಾಸ್ ಆವೃತ್ತಿ ನೋಡಿ. ಈ ಬೋರ್ಡ್‌ಗಳಲ್ಲಿ ಅಂಥ ತೊಂದರೆ ಇದೆಯೆಂದು 2021ರಲ್ಲಿ ಎಎಂಡಿಯೇ ಒಪ್ಪಿಕೊಂಡು, ಬಯಾಸ್ ಒಳಗಿನ ತನ್ನ ಕೋಡ್ ಆದ ಅಜೀಸಾದ (AGESA) 1.2.0.2 ಆವೃತ್ತಿಯಲ್ಲಿ ಸರಿಪಡಿಸಿತು.

ಇವೆಲ್ಲ ಅಲ್ಲ ಎಂದಾದರೆ ಬಿಸಿಯ ಪರೀಕ್ಷೆ. ತಾಪಮಾನ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ (HWiNFO) ತಂತ್ರಾಂಶ ತೆರೆದು ಚಿಪ್‌ಸೆಟ್ ತಾಪಮಾನ ಮತ್ತು ಚಿಪ್‌ಸೆಟ್ ಫ್ಯಾನ್ ವೇಗವನ್ನು ಲಾಗ್‌ಗೆ ಹಾಕಿ. ಗೇಮ್ ಓಡಲಿ, ಜೊತೆಗೆ ಎರಡನೇ ಎಸ್‌ಎಸ್‌ಡಿಗೆ 100 ಜಿಬಿಯಷ್ಟು ಫೈಲ್ ಕಾಪಿ ನಡೆಯಲಿ. ಪ್ರೈಮ್95 ಒಂದೇ ಸಾಲದು: ಅದರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಪ್ರೊಸೆಸರ್‌ನ ಕ್ಯಾಶ್ (ಒಳಗಿನ ಪುಟ್ಟ ಮೆಮೊರಿ) ಬಿಟ್ಟು ಆಚೆ ಬರುವುದೇ ಇಲ್ಲ, ಚಿಪ್‌ಸೆಟ್ ಪಾಲಿಗೆ ಅದು ರಜಾದಿನ. ಎಕ್ಸ್570 60ರಿಂದ 75 ಡಿಗ್ರಿಯಲ್ಲಿ ನಿಂತರೆ ಗಾಬರಿ ಬೇಡ. 80 ದಾಟಿ ಏರುತ್ತಲೇ ಇದ್ದು, ತೊಂದರೆಯೂ ಅದೇ ಹೊತ್ತಿಗೆ ಬಂದರೆ, ಕೇಸ್‌ನ ಪಕ್ಕದ ಬಾಗಿಲು ತೆಗೆದು 120 ಮಿ.ಮೀ. ಫ್ಯಾನ್ ಒಂದನ್ನು ಗ್ರಾಫಿಕ್ಸ್ ಕಾರ್ಡ್‌ನ ಕೆಳಗಿನ ಜಾಗಕ್ಕೆ ಮುಖಮಾಡಿ ಇಡಿ. ಬಯಾಸ್‌ನಲ್ಲಿ ಬೇರೇನನ್ನೂ ಮುಟ್ಟದೆ ಅದೇ ಪರೀಕ್ಷೆ ಮತ್ತೆ ಮಾಡಿ. ತೊಂದರೆ ಹೋಯಿತೇ, ಬಿಸಿಯೇ ಕಾರಣ. ತಾಪಮಾನ 15 ಡಿಗ್ರಿ ಇಳಿದೂ ಎಸ್‌ಎಸ್‌ಡಿ ಮಾಯವಾಗುತ್ತಿದ್ದರೆ ಚಿಪ್‌ಸೆಟ್ ಬಿಚ್ಚುವ ಶ್ರಮ ಬೇಡ.

ಬಿಚ್ಚಲೇಬೇಕಾದರೆ ಮೊದಲು ಫ್ಯಾನ್. ಧೂಳು ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್ ಹಾಳು. ಕೈಯಲ್ಲಿ ತಿರುಗಿಸಿದಾಗ ಕರಕರ ಎಂದರೆ ಅಥವಾ ಥಟ್ಟನೆ ನಿಂತರೆ ಬದಲಿಸಿ. ಆಮೇಲೆ ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೀರುವ ಲೋಹದ ತಟ್ಟೆ): ಬೋರ್ಡನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಹಿಂಬದಿಯ ಸ್ಕ್ರೂ ತೆಗೆಯಿರಿ. ಮೇಲಕ್ಕೆ ಕೀಳಬೇಡಿ, ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುವಿದರೆ ಅಂಟು ಬಿಡುತ್ತದೆ. ಒಳಗೆ ಬರಿಯ ಸಿಲಿಕಾನ್, ಅದರ ಮೂಲೆ ಮುಕ್ಕಾದರೆ ಬೋರ್ಡ್ ಕತೆ ಮುಗಿಯಿತು.

ಚಿಪ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸಲು ನಡುವೆ ಇದ್ದದ್ದು ಪೇಸ್ಟೋ ಪ್ಯಾಡೋ ನೋಡಿಕೊಳ್ಳಿ. ಪ್ಯಾಡ್ ಇದ್ದ ಕಡೆ ಹೀಟ್‌ಸಿಂಕ್ ಚಿಪ್‌ನಿಂದ ಅಷ್ಟು ಎತ್ತರದಲ್ಲೇ ನಿಂತಿರುತ್ತದೆ, ಪೇಸ್ಟ್ ಹಚ್ಚಿದರೆ ನಡುವೆ ಗಾಳಿ ಉಳಿಯುತ್ತದೆ. ದಪ್ಪದ ಬೆಲೆ ಎಷ್ಟೆಂದು ಒಂದು ಲೆಕ್ಕ ಮಾಡಿ: 1 ಚದರ ಸೆಂ.ಮೀ. ಮುಖದಿಂದ 12 ವ್ಯಾಟ್ ಹೊರಬರುವಾಗ, ಉಷ್ಣ ವಾಹಕತೆ 6 (ವ್ಯಾಟ್/ಮೀಟರ್-ಕೆಲ್ವಿನ್, ಪ್ಯಾಕೆಟ್ಟಿನ ಮೇಲೆ W/mK) ಇರುವ 1 ಮಿ.ಮೀ. ಪ್ಯಾಡ್‌ನ ಎರಡು ಬದಿಗಳ ನಡುವೆ 20 ಡಿಗ್ರಿ ಅಂತರ. ವಾಹಕತೆ 3 ಆದರೆ 40. ಅರ್ಧ ಮಿ.ಮೀ.ನ 6ರ ಪ್ಯಾಡ್ ಆದರೆ 10. ಹಾಗೆಂದು ತೆಳುವಾದದ್ದೇ ಒಳ್ಳೆಯದೆಂದು ಹಾಕಿದರೆ ಮುಟ್ಟದೇ ಹೋಗಬಹುದು, ದಪ್ಪದ್ದು ಹಾಕಿದರೆ ಹೀಟ್‌ಸಿಂಕ್ ವಾಲುತ್ತದೆ. ಹಳೆಯದರ ದಪ್ಪವನ್ನು ಒತ್ತಿಹೋಗದ ಅಂಚಿನಲ್ಲಿ ಅಳೆದು ಅಷ್ಟೇ ತನ್ನಿ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನಿಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿಯಿರಿ. ಒಮ್ಮೆ ಮತ್ತೆ ಬಿಚ್ಚಿ ನೋಡಿ: ಪ್ಯಾಡ್ ಮೇಲೆ ಚಿಪ್‌ನ ಚೌಕ ಪೂರ್ತಿಯಾಗಿ, ನಾಲ್ಕೂ ಮೂಲೆಗಳಲ್ಲಿ ಒಂದೇ ಆಳಕ್ಕೆ ಮೂಡಿರಬೇಕು. ಅರ್ಧ ಮೂಡಿದ್ದರೆ ಅರ್ಧವೇ ತಣಿಯುತ್ತದೆ.

ಬಯಾಸ್‌ನಲ್ಲಿ ಚಿಪ್‌ಸೆಟ್ ಫ್ಯಾನ್ 'ಸೈಲೆಂಟ್'ನಲ್ಲಿದ್ದರೆ 'ಬ್ಯಾಲೆನ್ಸ್ಡ್' ಮಾಡಿ. ಪರೀಕ್ಷೆಯ ತಿಂಗಳೂ ನೆನಪಿರಲಿ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್‌ಸೆಟ್ಟೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ: ಡಿಸೆಂಬರ್‌ನ 24 ಡಿಗ್ರಿ ಕೋಣೆಯಲ್ಲಿ 66 ತೋರಿಸಿದ ಬೋರ್ಡ್, ಏಪ್ರಿಲ್ ಮಧ್ಯಾಹ್ನ ಕಲಬುರಗಿಯ 38 ಡಿಗ್ರಿ ಕೋಣೆಯಲ್ಲಿ 80 ತೋರಿಸುತ್ತದೆ. ಚಳಿಗಾಲದಲ್ಲಿ ಪಾಸಾದ ಓವರ್‌ಕ್ಲಾಕನ್ನು ಮಾರ್ಚ್ ಕೊನೆಗೆ ಇನ್ನೊಮ್ಮೆ, ಮಧ್ಯಾಹ್ನ ಮೂರು ಗಂಟೆಗೆ, ಪಕ್ಕದ ಬಾಗಿಲು ಮುಚ್ಚಿಯೇ ಓಡಿಸಿ.