ಪುಕ್ಕಟೆ ಕೊಟ್ಟರೂ ಬೈಗುಳ: ಯು2 ಅಭಿಮಾನಿಗಳ ಹಳೇ ಜಗಳ

2014ರ ಸೆಪ್ಟೆಂಬರ್ 9. ಅಮೆರಿಕದ ಕ್ಯೂಪರ್ಟಿನೊದಲ್ಲಿ ಆಪಲ್ ಕಂಪನಿ ಐಫೋನ್ 6 ಬಿಡುಗಡೆ ಮಾಡುತ್ತಿತ್ತು. ಕಾರ್ಯಕ್ರಮದ ಕೊನೆಗೆ ವೇದಿಕೆಗೆ ಬಂದದ್ದು ಐರ್ಲೆಂಡಿನ ರಾಕ್ ಬ್ಯಾಂಡ್ ಯು2. ಒಂದು ಹಾಡು ಹಾಡಿದರು. ಆಮೇಲೆ ಗಾಯಕ ಬೊನೊ, ಆಪಲ್ ಮುಖ್ಯಸ್ಥ ಟಿಮ್ ಕುಕ್ ಪಕ್ಕ ನಿಂತು ಸುದ್ದಿ ಬಿಟ್ಟರು. ಹೊಸ ಆಲ್ಬಂ 'ಸಾಂಗ್ಸ್ ಆಫ್ ಇನೊಸೆನ್ಸ್' ಈಗಿಂದೀಗಲೇ ಎಲ್ಲರಿಗೂ ಪುಕ್ಕಟೆ. ಎಲ್ಲರಿಗೂ ಅಂದರೆ 119 ದೇಶಗಳಲ್ಲಿ ಆಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್‌ನಲ್ಲಿ ಖಾತೆ ಇಟ್ಟುಕೊಂಡಿದ್ದ ಸುಮಾರು 50 ಕೋಟಿ ಜನಕ್ಕೆ.

ಪುಕ್ಕಟೆ ಸಿಕ್ಕರೆ ಯಾರು ಬೇಡ ಅಂತಾರೆ? ಬಹಳ ಜನ ಅಂದರು. ಬೇಕಾ ಅಂತ ಯಾರನ್ನೂ ಕೇಳಿರಲಿಲ್ಲ ನೋಡಿ. ದುಡ್ಡು ಕೊಟ್ಟು ಕೊಂಡ ಹಾಡುಗಳ ಪಟ್ಟಿಯೊಳಗೆ ಅದು ಸೀದಾ ಬಂದು ಕೂತಿತ್ತು. ತಾನಾಗೇ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಆನ್ ಇದ್ದ ಫೋನುಗಳಿಗೆ ಹನ್ನೊಂದು ಹಾಡೂ ಇಳಿದೇಬಿಟ್ಟವು. ಡಿಲೀಟ್ ಮಾಡಿದರೂ ಪಟ್ಟಿಯಿಂದ ಹೆಸರು ಹೋಗುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ, ಈ ಒಂದು ಆಲ್ಬಂ ತೆಗೆದುಹಾಕುವುದಕ್ಕೆ ಅಂತಲೇ ಆಪಲ್ ಬೇರೆ ಪುಟ ಮಾಡಬೇಕಾಯಿತು. ಅಕ್ಟೋಬರಿನಲ್ಲಿ ಬೊನೊ ಕ್ಷಮೆ ಕೇಳಿದರು. ಸ್ವಲ್ಪ ಔದಾರ್ಯ, ಸ್ವಲ್ಪ ದೊಡ್ಡಸ್ತಿಕೆಯ ಹುಚ್ಚು, ಜೊತೆಗೆ ವರ್ಷಗಟ್ಟಲೆ ಕೂತು ಮಾಡಿದ ಹಾಡನ್ನು ಯಾರೂ ಕೇಳದೇ ಹೋದರೆ ಅನ್ನುವ ಭಯ, ಎಲ್ಲಾ ಸೇರಿಕೊಂಡಿತ್ತು ಅಂತ ಒಪ್ಪಿಕೊಂಡರು.

ಯು2 ಬೇಡದವರಿಗೆ ಬಂದ ಸಿಟ್ಟು ಸುಲಭವಾಗಿ ಅರ್ಥವಾಗುತ್ತದೆ. ನನಗೆ ಕುತೂಹಲ ಇರುವುದು ಬೇಕಾಗಿದ್ದವರ ಸಿಟ್ಟಿನ ಬಗ್ಗೆ. ಅವರು ಐದು ವರ್ಷದಿಂದ ಕಾಯುತ್ತಿದ್ದರು. ಆಲ್ಬಂ ಕೈಗೆ ಬಂದ ದಿನವೇ ಅದು ಊರಿಗೆಲ್ಲ ತಮಾಷೆಯ ವಸ್ತುವಾಯಿತು. ಒಬ್ಬರು ಚೆನ್ನಾಗಿದೆ ಅಂದರು, ಇನ್ನೊಬ್ಬರು ಪಾಲಿಶ್ ಜಾಸ್ತಿಯಾಯಿತು ಅಂದರು, ಮತ್ತೊಬ್ಬರು ಇವರು ನಮ್ಮ ಯು2 ಅಲ್ಲವೇ ಅಲ್ಲ ಅಂದರು. ಈ ಕೊನೆಯ ಮಾತು 2014ರದ್ದಲ್ಲ. ಹೊಸ ಆಲ್ಬಂ ಬಂದಾಗಲೆಲ್ಲ ಯಾರಾದರೂ ಅದನ್ನು ಹೇಳಿಯೇ ಇದ್ದಾರೆ. ಅದನ್ನು ಹೇಳಲು ಕಲಿಸಿದ್ದೂ ಬ್ಯಾಂಡೇ ಅನ್ನುವುದು ನನ್ನ ಅಭಿಪ್ರಾಯ.

1976ರಲ್ಲಿ ಡಬ್ಲಿನ್‌ನ ಮೌಂಟ್ ಟೆಂಪಲ್ ಶಾಲೆಯ ನೋಟಿಸ್ ಬೋರ್ಡಿನಲ್ಲಿ, ಬ್ಯಾಂಡ್ ಕಟ್ಟೋಣ ಬನ್ನಿ ಅಂತ ಡ್ರಮ್ ಬಾರಿಸುತ್ತಿದ್ದ ಲ್ಯಾರಿ ಮಲ್ಲೆನ್ ಒಂದು ಚೀಟಿ ಅಂಟಿಸಿದರು. ಬೊನೊ, ಎಡ್ಜ್, ಆಡಮ್ ಕ್ಲೇಟನ್ ಸೇರಿಕೊಂಡರು. 1980ರ 'ಬಾಯ್', 1983ರ 'ವಾರ್', ಎರಡೂ ಹರೆಯದ ಬಿಸಿಯಲ್ಲಿ ಕುದಿಯುವ ಆಲ್ಬಂಗಳು. 1984ರಲ್ಲಿ ನಿರ್ಮಾಪಕ ಬ್ರಯನ್ ಈನೋ ಬಂದ ಮೇಲೆ ಸದ್ದು ಮಸುಕಾಯಿತು, ಹರಡಿಕೊಂಡಿತು. ಆಗಲೂ ಗೊಣಗಿದವರಿದ್ದರು. ಆದರೆ 1987ರ 'ದಿ ಜೋಶುವಾ ಟ್ರೀ' ಬಂದಾಗ ಎಲ್ಲರೂ ಸುಮ್ಮನಾದರು. ಎಡ್ಜ್ ಗಿಟಾರಿನ ಒಂದು ಸ್ವರ ಪ್ರತಿಧ್ವನಿಯಾಗಿ ಮರಳಿ ಬರುತ್ತದೆ, ಅದರ ಮೇಲೇ ಮುಂದಿನ ಸ್ವರ ಬೀಳುತ್ತದೆ. ಇವತ್ತಿಗೂ ಯು2 ಅಂದರೆ ಬಹಳ ಜನರ ಕಿವಿಯಲ್ಲಿ ಮೊಳಗುವುದು ಆ ಸದ್ದೇ.

ಮುಂದಿನ ವರ್ಷದ 'ರ‍್ಯಾಟಲ್ ಅಂಡ್ ಹಮ್' ಆಲ್ಬಂಗೂ ಸಿನಿಮಾಕ್ಕೂ ವಿಮರ್ಶಕರು ಚೆನ್ನಾಗಿ ಝಾಡಿಸಿದರು. ಅಮೆರಿಕದ ಹಳೇ ಸಂಗೀತದ ದೊಡ್ಡವರ ಸಾಲಿನಲ್ಲಿ ತಾವೇ ಹೋಗಿ ನಿಂತುಕೊಂಡರು ಅನ್ನುವುದು ದೂರು. 1989ರ ಡಿಸೆಂಬರ್ 30ರಂದು ಡಬ್ಲಿನ್ ಕಾರ್ಯಕ್ರಮದಲ್ಲಿ ಬೊನೊ, ನಾವು ಸ್ವಲ್ಪ ದೂರ ಹೋಗಿ ಎಲ್ಲವನ್ನೂ ಮೊದಲಿಂದ ಕನಸು ಕಾಣಬೇಕು ಅಂದರು. ಬ್ಯಾಂಡ್ ಮುರಿಯಿತು ಅಂತಲೇ ಎಷ್ಟೋ ಜನ ಅಂದುಕೊಂಡರು.

ಹೋದದ್ದು ಬರ್ಲಿನ್‌ಗೆ. 1990ರ ಅಕ್ಟೋಬರ್, ಎರಡು ಜರ್ಮನಿ ಒಂದಾಗುತ್ತಿದ್ದ ಹೊತ್ತು. ಹಾನ್ಸಾ ಸ್ಟುಡಿಯೋದಲ್ಲಿ ನಾಲ್ವರಿಗೂ ಹೊಂದಾಣಿಕೆಯೇ ಇರಲಿಲ್ಲ. ಡ್ಯಾನ್ಸ್ ಬೀಟ್, ಯಂತ್ರದ ಸದ್ದು ಬೇಕು ಅಂತ ಬೊನೊ ಮತ್ತು ಎಡ್ಜ್. ಇದೆಲ್ಲ ಯಾಕೆ ಅಂತ ಲ್ಯಾರಿ ಮತ್ತು ಆಡಮ್. ಅಭಿಮಾನಿಗಳ ಜಗಳ ಮೊದಲು ನಡೆದದ್ದು ಬ್ಯಾಂಡಿನೊಳಗೇ ಅನ್ನಬಹುದು. 'ಒನ್' ಅನ್ನುವ ಹಾಡು ಅಲ್ಲಿ ಹುಟ್ಟಿದ ಮೇಲೆಯೇ ಬಿಗಿ ಸಡಿಲವಾಯಿತು. 1991ರ ನವೆಂಬರಿನಲ್ಲಿ 'ಆಖ್ಟುಂಗ್ ಬೇಬಿ' ಬಂತು. ನಾಲ್ಕು ಜನ ಸೇರಿ ಜೋಶುವಾ ಮರ ಕಡಿಯುವ ಸದ್ದು ಇದು ಅಂತ ಬೊನೊ ಅದನ್ನು ಬಣ್ಣಿಸಿದ್ದರು. 'ಝೂ ಟಿವಿ' ಪ್ರವಾಸದಲ್ಲಿ ಶುರುವಿಗೇ ಸಾಲಾಗಿ ಏಳೆಂಟು ಹೊಸ ಹಾಡು. ಹಳೆಯದು ಕೇಳಲು ಬಂದವರು ಅಲ್ಲಿಯವರೆಗೆ ಕಾಯಬೇಕು. ಎಂಥ ಧೈರ್ಯ ಅಲ್ವಾ? ಆ ಪಣ ಗೆದ್ದಿತು. ಒಂದು ತಲೆಮಾರಿನ ಅಭಿಮಾನಿಗಳಿಗೆ ಅಲ್ಲಿಂದ ಒಂದು ನಂಬಿಕೆ ಬೇರೂರಿತು. ಬದಲಾಗದಿದ್ದರೆ ಅದು ಯು2 ಅಲ್ಲ.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1997ರ 'ಪಾಪ್' ಆಲ್ಬಂನಲ್ಲಿ. ಲ್ಯಾರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು. ಅವರಿಲ್ಲದ ಹೊತ್ತಿನಲ್ಲಿ ಉಳಿದವರು ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು), ಸ್ಯಾಂಪಲ್ (ಬೇರೆ ರೆಕಾರ್ಡಿಂಗ್‌ನಿಂದ ಎತ್ತಿದ ತುಣುಕು) ಹಿಡಿದು ಹಾಡು ಕಟ್ಟುತ್ತಾ ಹೋದರು. ಕೆಲಸ ಎಳೆಯಿತು. ಆಲ್ಬಂ ಮುಗಿಯುವ ಮೊದಲೇ ಪ್ರವಾಸದ ದಿನಾಂಕ ಗೊತ್ತಾಗಿತ್ತು. ಅಡುಗೆ ಆಗುವ ಮುಂಚೆ ಎಲೆ ಹಾಕಿ ಜನರನ್ನು ಕೂರಿಸಿದ ಹಾಗಾಯಿತು. ಸ್ಟುಡಿಯೋದಲ್ಲಿ ಕೊನೇ ಗಳಿಗೆಯವರೆಗೂ ತಿದ್ದುತ್ತಲೇ ಇದ್ದರು. ತಾಲೀಮಿಗೆ ಸಮಯ ಸಾಲಲಿಲ್ಲ. ಏಪ್ರಿಲ್ 25ರಂದು ಲಾಸ್ ವೇಗಸ್‌ನ ಮೊದಲ ಪ್ರದರ್ಶನದಲ್ಲಿ 'ಸ್ಟೇರಿಂಗ್ ಅಟ್ ದಿ ಸನ್' ಹಾಡನ್ನು ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು. ವೇದಿಕೆ ಮೇಲೆ 40 ಅಡಿಯ ಒಂದು ನಿಂಬೆಹಣ್ಣು, ಅದರೊಳಗಿಂದ ಬ್ಯಾಂಡ್ ಹೊರಬರಬೇಕು. ಓಸ್ಲೋದಲ್ಲಿ ಅದು ಪೂರ್ತಿ ತೆರೆದುಕೊಳ್ಳದೆ, ನಾಲ್ವರೂ ಹಿಂಬದಿಯಿಂದ ಇಳಿದು ಬಂದರು.

ಇಷ್ಟಾದರೂ 'ಪಾಪ್' ಕೆಟ್ಟ ಆಲ್ಬಂ ಅಂತ ನಾನು ಒಪ್ಪುವುದಿಲ್ಲ. ಹೊರಗೆ ಡಿಸ್ಕೋ ಬಣ್ಣ, ಒಳಗೆ ದೇವರ ಜೊತೆ ಜಗಳ. ಯು2 ಮಾಡಿದ ಅತಿ ಕತ್ತಲೆಯ ಕೆಲಸಗಳಲ್ಲಿ ಅದೂ ಒಂದು. ಅದನ್ನು ಪ್ರೀತಿಸುವ ಒಂದು ಸಣ್ಣ, ಹಟಮಾರಿ ಬಳಗ ಇವತ್ತಿಗೂ ಇದೆ. ಆದರೆ ಬ್ಯಾಂಡೇ ಅದರ ಕೈ ಬಿಟ್ಟಿತು. 2000ದ ಆಲ್ಬಂನಲ್ಲಿ 'ಬ್ಯೂಟಿಫುಲ್ ಡೇ'ಯೊಂದಿಗೆ ಹಳೇ ಗಿಟಾರ್ ಸದ್ದಿಗೆ ಮರಳಿದರು. ಜಗತ್ತಿನ ಅತ್ಯುತ್ತಮ ಬ್ಯಾಂಡ್ ಹುದ್ದೆಗೆ ಮತ್ತೆ ಅರ್ಜಿ ಹಾಕುತ್ತಿದ್ದೇವೆ ಅಂದರು ಬೊನೊ. 2002ರ ಆಯ್ದ ಹಾಡುಗಳ ಸಂಗ್ರಹಕ್ಕೆ 'ಪಾಪ್'ನ ಹಾಡುಗಳನ್ನು ತಿದ್ದಿ ಹಾಕಿದರು. ಮೆಚ್ಚಿದವರಿಗೆ ಇದು ಹೇಗೆ ಕಂಡೀತು ಯೋಚಿಸಿ. ನೀವು ಇಷ್ಟಪಟ್ಟದ್ದು ತಪ್ಪು ಪ್ರತಿ ಅಂತ ಮಾಡಿದವರೇ ಹೇಳಿದ ಹಾಗೆ.

ಗ್ರ್ಯಾಮಿ ಪ್ರಶಸ್ತಿಗಳು ರಾಶಿ ರಾಶಿ ಬಂದವು. ಹೊಸ ಕೇಳುಗರೂ ಬಂದರು. ತೊಂಬತ್ತರ ದಶಕದವರು ಮಾತ್ರ, ಇವರು ಹೆದರಿಬಿಟ್ಟರು ಅಂತ ಗೊಣಗತೊಡಗಿದರು. 2009ರ 'ನೋ ಲೈನ್ ಆನ್ ದಿ ಹೊರೈಜನ್' ಕೇಳಿದರೆ ಅವರ ಮಾತು ಸುಳ್ಳಲ್ಲ ಅನಿಸುತ್ತದೆ. ಒಂದಷ್ಟು ಭಾಗ ಮೊರಾಕ್ಕೋದ ಫೆಜ್‌ನಲ್ಲಿ ರೂಪುಗೊಂಡದ್ದು. ಏಳು ನಿಮಿಷದ 'ಮೊಮೆಂಟ್ ಆಫ್ ಸರೆಂಡರ್' ಅಲ್ಲಿದೆ. ಅದೇ ಆಲ್ಬಂನ ನಡುಮಧ್ಯದಲ್ಲಿ, ರೇಡಿಯೋಗೆ ಅಂತಲೇ ತುರುಕಿದ ಹಾಗೆ ಕಾಣುವ ಹಾಡುಗಳೂ ಇವೆ. ಎರಡು ಬಣಕ್ಕೂ ಅರ್ಧರ್ಧ ಊಟ. ಆ ಆಲ್ಬಂನ '360 ಡಿಗ್ರಿ' ಪ್ರವಾಸ 73 ಕೋಟಿ ಡಾಲರಿಗೂ ಹೆಚ್ಚು ಗಳಿಸಿ ದಾಖಲೆ ಮಾಡಿತು. ಆದರೆ ಸ್ಟೇಡಿಯಂ ತುಂಬಿದವರು ಬಾಯಿ ತುಂಬ ಹಾಡಿದ್ದು ಹಳೇ ಹಾಡುಗಳನ್ನೇ. 2014ರ ಭಯಕ್ಕೆ ಬೇರು ಇಲ್ಲಿದೆ.

'ಸಾಂಗ್ಸ್ ಆಫ್ ಇನೊಸೆನ್ಸ್' ಆ ಭಯದಲ್ಲೇ ತಯಾರಾಯಿತು. ಡೇಂಜರ್ ಮೌಸ್ ಅನ್ನುವ ನಿರ್ಮಾಪಕರ ಜೊತೆ ಶುರುವಾದ ಕೆಲಸಕ್ಕೆ ಪಾಲ್ ಎಪ್‌ವರ್ತ್, ರಯಾನ್ ಟೆಡರ್ ಥರದ ಹಿಟ್ ನಿರ್ಮಾಪಕರು ಬಂದು ಸೇರಿದರು. 'ಎವ್ರಿ ಬ್ರೇಕಿಂಗ್ ವೇವ್' ಹಾಡನ್ನೇ ನೋಡಿ. 2010ರಲ್ಲಿ ಹೆಲ್ಸಿಂಕಿಯ ವೇದಿಕೆಯಲ್ಲಿ ಅದನ್ನು ಸರಳವಾಗಿ ಹಾಡಿದ್ದರು. ಕಟ್ಟಾ ಅಭಿಮಾನಿಗಳು ಆ ರೆಕಾರ್ಡಿಂಗ್ ಜೋಪಾನ ಮಾಡಿಕೊಂಡಿದ್ದರು. ಆಲ್ಬಂನಲ್ಲಿ ಬಂದಾಗ ಅದಕ್ಕೆ ಹೊಳಪು ಬಂದಿತ್ತು, ಎದೆ ಬಡಿತ ಕಮ್ಮಿಯಾಗಿತ್ತು. ಬರೀ ಪಿಯಾನೋ ಜೊತೆ ಬೊನೊ ಅದನ್ನು ಮತ್ತೆ ಹಾಡಿದ ಮೇಲೇ ಎಷ್ಟೋ ಜನ ಒಲಿದರು. ನನಗೂ ಆ ಪಿಯಾನೋದ್ದೇ ಇಷ್ಟ.

ಹಾಡಿನ ವಸ್ತುಗಳಂತೂ ತೀರಾ ಖಾಸಗಿ. 14ನೇ ವಯಸ್ಸಿನಲ್ಲಿ ಕಳೆದುಕೊಂಡ ತಾಯಿ ಐರಿಸ್, ಬೊನೊ ಬೆಳೆದ ಸೀಡರ್‌ವುಡ್ ರಸ್ತೆ, 1974ರ ಮೇ 17ರ ಡಬ್ಲಿನ್ ಬಾಂಬ್ ಸ್ಫೋಟ. ಒಬ್ಬ ಹುಡುಗನ ಡೈರಿಯಂಥ ಆಲ್ಬಂ ಅದು. ಅದನ್ನು 50 ಕೋಟಿ ಜನರ ಜೇಬಿಗೆ ಹೇಳದೆ ಕೇಳದೆ ಹಾಕಿದ್ದು ಎಂಥ ವಿಚಿತ್ರ! 'ರೋಲಿಂಗ್ ಸ್ಟೋನ್' ಪತ್ರಿಕೆ ಅದನ್ನು ವರ್ಷದ ಅತ್ಯುತ್ತಮ ಆಲ್ಬಂ ಎಂದಾಗ ಆ ಆಯ್ಕೆಯೇ ನಗೆಪಾಟಲಾಯಿತು. 2015ರ ಪ್ರವಾಸದಲ್ಲಿ ಸೀಡರ್‌ವುಡ್ ರಸ್ತೆಯ ಚಿತ್ರ ಮೂಡಿದ ಉದ್ದದ ಪರದೆಯೊಳಗೆ ಬೊನೊ ನಡೆದುಹೋಗುತ್ತಾ ಹಾಡಿದರು. ಮುನಿಸಿಕೊಂಡಿದ್ದ ಹಲವರು ಅಲ್ಲಿ ರಾಜಿಯಾದರು.

2017 ಬಂತು. 'ಜೋಶುವಾ ಟ್ರೀ'ಗೆ 30 ವರ್ಷ, 'ಪಾಪ್'ಗೆ 20. ಪ್ರವಾಸ ನಡೆದದ್ದು ಮೊದಲಿನದಕ್ಕೆ ಮಾತ್ರ. 2019ರ ಡಿಸೆಂಬರ್ 15ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಅದೇ ಪ್ರವಾಸದ ಕೊನೆಯ ಪ್ರದರ್ಶನವಾಯಿತು. ಭಾರತದಲ್ಲಿ ಯು2 ಹಾಡಿದ್ದು ಅದೇ ಮೊದಲು. ಎ.ಆರ್. ರೆಹಮಾನ್ ಕೂಡ ಜೊತೆಗಿದ್ದರು. ನಮ್ಮವರಿಗೆ ಸಿಕ್ಕಿದ್ದೂ 1987ರ ಯು2ವೇ.

2023ರ ಮಾರ್ಚಿನಲ್ಲಿ 'ಸಾಂಗ್ಸ್ ಆಫ್ ಸರೆಂಡರ್' ಅಂತ ತಮ್ಮದೇ 40 ಹಾಡುಗಳನ್ನು ಮೆಲ್ಲಗಿನ ದನಿಯಲ್ಲಿ ಮತ್ತೆ ಹಾಡಿದರು. ವಯಸ್ಸಾದ ದನಿಯ ಪ್ರಾಮಾಣಿಕತೆ ಅಂತ ಕೆಲವರು, ಇದ್ದ ಹಾಡನ್ನು ಯಾಕೆ ಕೆದಕಬೇಕು ಅಂತ ಕೆಲವರು. ಅದೇ ಸೆಪ್ಟೆಂಬರಿನಿಂದ ಲಾಸ್ ವೇಗಸ್‌ನ ಸ್ಫಿಯರ್ ಅನ್ನುವ ಗೋಳಾಕಾರದ ರಂಗಮಂದಿರದಲ್ಲಿ ಲ್ಯಾರಿ ಇಲ್ಲದೆ ಹಾಡಿದಾಗ, ಹಾಡುಗಳನ್ನು ಬಿಟ್ಟು ಡ್ರಮ್ ಹಿಂದೆ ಕೂತವರ ಬಗ್ಗೆಯೂ ವಾದ ಎದ್ದಿತು. 2024ರ ನವೆಂಬರಿನಲ್ಲಿ, ಇಪ್ಪತ್ತು ವರ್ಷದ ಹಿಂದೆ 'ಹೌ ಟು ಡಿಸ್‌ಮ್ಯಾಂಟಲ್ ಆನ್ ಅಟಾಮಿಕ್ ಬಾಂಬ್' ಆಲ್ಬಂ ಮಾಡುವಾಗ ಮೂಲೆಗಿಟ್ಟಿದ್ದ ಹತ್ತು ಹಾಡು ಹೊರಬಂದವು. ಒರಟು, ಗಿಟಾರ್ ಜೋರು. ಅಭಿಮಾನಿಗಳು ಕೇಳಿದ ಪ್ರಶ್ನೆ ಒಂದೇ: ಇವನ್ನು ಆಗಲೇ ಯಾಕೆ ಹಾಕಲಿಲ್ಲ?