ಕಾರ್ಡ್ ಹೆಸರು ಟೈಪ್ ಮಾಡಿದರೆ ಸಾಕಲ್ವಾ, ಚಿತ್ರಕ್ಕೆ ಎಡಿಟರ್ ಯಾಕೆ?

ಓದುಗರ ಪ್ರಶ್ನೆ: ನಾನು ಸಂಗೀತದ ನೊಟೇಶನ್ ಬರೆಯುವ ಸಾಫ್ಟ್‌ವೇರ್ ಒಂದನ್ನು ಕಟ್ಟುತ್ತಿದ್ದೇನೆ. ‘ಸಿ’ ಅಂತ ಟೈಪ್ ಮಾಡಿದರೆ ಆ ಗಿಟಾರ್ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಚಿತ್ರ ತಾನಾಗಿ ಬರುತ್ತದೆ. ಆದರೂ ಚಿತ್ರ ತಿದ್ದಲು ಎಡಿಟರ್ ಬೇಕು ಅಂತ ಗಿಟಾರ್ ನುಡಿಸುವವರು ಕೇಳುತ್ತಾರೆ. ನಿಜವಾಗಲೂ ಬೇಕಾ? ಬೇಕಿದ್ದರೆ ಹೇಗಿರಬೇಕು?

ಬೇಕೇ ಬೇಕು. ಕಾರ್ಡಿನ ಹೆಸರು ಯಾವ ಸ್ವರ ಅಂತ ಹೇಳುತ್ತದೆ. ಚಿತ್ರ ಬೆರಳು ಎಲ್ಲಿ ಅಂತ ಹೇಳುತ್ತದೆ. ಎರಡೂ ಬೇರೆ ಬೇರೆ ಮಾತು.

ಸಿ ಮೇಜರ್ ತಗೊಳ್ಳಿ. ಮಾಮೂಲಿ ಟ್ಯೂನಿಂಗ್‌ನಲ್ಲಿ, ದಪ್ಪ ತಂತಿಯಿಂದ ಎಣಿಸಿದರೆ, ಶುರುವಿನಲ್ಲಿ ಕಲಿಯುವ ಹಿಡಿತ ಮ್ಯೂಟ್, 3, 2, 0, 1, 0. ಅಂಕಿ ಅಂದರೆ ತಂತಿ ಒತ್ತಬೇಕಾದ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಮನೆ), 0 ಅಂದರೆ ಓಪನ್, ಅಂದರೆ ಒತ್ತದೆ ನುಡಿಸುವ ತಂತಿ, ಮ್ಯೂಟ್ ಅಂದರೆ ನುಡಿಸದ ತಂತಿ. ಅದನ್ನೇ 3ನೇ ಫ್ರೆಟ್‌ನಲ್ಲಿ ಬಾರ್ ಹಾಕಿ (ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡ ಮಲಗಿಸಿ) ಮ್ಯೂಟ್, 3, 5, 5, 5, 3 ಅಂತ ಹಿಡಿಯಬಹುದು. 8ನೇ ಫ್ರೆಟ್‌ಗೆ ಹೋದರೆ 8, 10, 10, 9, 8, 8. ಮೂರರಲ್ಲೂ ಇರುವುದು ಸಿ, ಇ, ಜಿ ಸ್ವರಗಳಷ್ಟೇ. ಆದರೆ ನಾದ ಬೇರೆ, ಬೆರಳಿನ ಕಷ್ಟ ಬೇರೆ, ಹಿಂದಿನ ಕಾರ್ಡಿನಿಂದ ಕೈ ಜಾರಬೇಕಾದ ದೂರವೂ ಬೇರೆ. ಈ ಹಾಡಿಗೆ ಯಾವುದು ಸರಿ ಅಂತ ಗೊತ್ತಿರುವುದು ಬರೆಯುತ್ತಿರುವವರಿಗೆ.

ದೊಡ್ಡದೊಂದು ಪಟ್ಟಿ ಒಳಗಿಟ್ಟರೆ ಮುಗೀತಲ್ಲ ಅನ್ನಿಸಬಹುದು. ಪಟ್ಟಿ ಇಡಿ, ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಬರೀ 4 ಫ್ರೆಟ್‌ನ ಚಿತ್ರದಲ್ಲೂ ಒಂದೊಂದು ತಂತಿಗೆ ಆರು ದಾರಿ: ನಾಲ್ಕು ಫ್ರೆಟ್, ಓಪನ್, ಮ್ಯೂಟ್. ಆರು ತಂತಿಗೆ 46,656 ಆಯಿತು. ಕೈಗೆ ನಿಲುಕದ್ದನ್ನೆಲ್ಲ ಬಿಟ್ಟರೂ ಉಳಿಯುವುದು ಜಾಸ್ತಿನೇ. ಆರು ತಂತಿಗಳ ಟ್ಯೂನಿಂಗನ್ನು ದಪ್ಪ ತಂತಿಯಿಂದ ಡಿ ಎ ಡಿ ಜಿ ಎ ಡಿ ಮಾಡಿಕೊಂಡರೆ ನಿಮ್ಮ ಪಟ್ಟಿಯ ಹೆಚ್ಚಿನ ಚಿತ್ರಗಳು ತಪ್ಪಾಗುತ್ತವೆ.

ಹೇಗಿರಬೇಕು ಅನ್ನೋದಕ್ಕೆ ಬರೋಣ. ಪರದೆಯ ಅಂದಚಂದ ಆಮೇಲೆ. ಮೊದಲು ಏನನ್ನು ಉಳಿಸಿಡುತ್ತೀರಿ ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಒಂದೊಂದು ತಂತಿಗೆ ಒಂದೊಂದು ಫ್ರೆಟ್ ನಂಬರ್ ಇಟ್ಟರೆ ಸಾಕು ಅಂತ ಸುಮಾರು ಜನ ಶುರು ಮಾಡುತ್ತಾರೆ. ಸ್ವರ ನುಡಿಸಲು ಅಷ್ಟು ಸಾಕು, ಕೈಗೆ ಸಾಲದು. ಎ ಮೇಜರ್‌ನ ಮ್ಯೂಟ್, 0, 2, 2, 2, 0 ನೋಡಿ. 2ನೇ ಫ್ರೆಟ್‌ನಲ್ಲಿ ಮೂರು ಚುಕ್ಕೆ. ಕೆಲವರು ಮೂರು ಬೆರಳು ಇಡುತ್ತಾರೆ, ಕೆಲವರು ಒಂದೇ ಬೆರಳನ್ನು ಅಡ್ಡ ಮಲಗಿಸುತ್ತಾರೆ. ನಂಬರ್ ಎರಡಕ್ಕೂ ಒಂದೇ! ಹಾಗಾಗಿ ಬಾರ್ ಅನ್ನೋದನ್ನು ಚುಕ್ಕೆಗಳಿಂದ ಊಹಿಸಬೇಡಿ. ಯಾವ ಫ್ರೆಟ್, ಯಾವ ತಂತಿಯಿಂದ ಯಾವ ತಂತಿವರೆಗೆ ಅಂತ ಬೇರೆಯಾಗಿ ಇಡಿ. ಎಫ್ ಮೇಜರ್‌ನ 1, 3, 3, 2, 1, 1 ರಲ್ಲಿ ಬಾರ್ ಆರೂ ತಂತಿಗಳ ಮೇಲಿರುತ್ತದೆ, ಮಧ್ಯದ ಮೂರು ತಂತಿಗಳನ್ನು ಮಾತ್ರ ಬೇರೆ ಬೆರಳುಗಳು ಮುಂದೆ ಒತ್ತಿರುತ್ತವೆ. ಬಾರ್ ಮತ್ತು ಚುಕ್ಕೆ ಒಂದೇ ತಂತಿಯಲ್ಲಿ ಒಟ್ಟಿಗೆ ಇರಲು ನಿಮ್ಮ ಎಡಿಟರ್ ಬಿಡಬೇಕು. ಬೆರಳಿನ ನಂಬರ್ 1ರಿಂದ 4, ಹೆಬ್ಬೆರಳಿಗೆ ಇನ್ನೊಂದು ಗುರುತು. ಅದಕ್ಕೂ ಜಾಗ ಇರಲಿ.

ಫ್ರೆಟ್ ನಂಬರನ್ನು ನಟ್‌ನಿಂದಲೇ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದ) ಎಣಿಸಿ ಇಡಿ. ಚಿತ್ರ ಯಾವ ಫ್ರೆಟ್‌ನಿಂದ ಕಾಣಬೇಕು ಅನ್ನೋದು ಬೇರೆ ವಿಷಯ. ಇದನ್ನು ಬೆರೆಸಿದರೆ ದೊಡ್ಡ ಗೊಂದಲ. ಮೇಲಿನ 3ನೇ ಫ್ರೆಟ್‌ನ ಸಿ ಚಿತ್ರದಲ್ಲಿ ಯಾರೋ ಚಿತ್ರದ ಪಕ್ಕ ಬರೆದ ಶುರುವಿನ ಫ್ರೆಟ್ ನಂಬರ್ 3 ಅನ್ನು 5 ಮಾಡಿದರು ಅನ್ನಿ. ಹಿಡಿತವನ್ನೇ ಎರಡು ಫ್ರೆಟ್ ಸರಿಸಿ ಡಿ ಮೇಜರ್ ಮಾಡಬೇಕಿತ್ತಾ? ಅಥವಾ ಬರೀ ನೋಟ ಸರಿಯಬೇಕಿತ್ತಾ? ಎರಡಕ್ಕೂ ಬೇರೆ ಬೇರೆ ಬಟನ್ ಕೊಡಿ.

ಕ್ಲಿಕ್ ವಿಷಯದಲ್ಲಿ ಸ್ವಲ್ಪ ಧಾರಾಳವಾಗಿರಿ. ತಂತಿ ಗೆರೆಗಳು ಒತ್ತೊತ್ತಾಗಿರುತ್ತವೆ, ಬೆರಳೋ ಮೌಸೋ ಪಕ್ಕಕ್ಕೆ ಬಿದ್ದೇ ಬೀಳುತ್ತದೆ. ಹತ್ತಿರದ ತಂತಿಗೆ ಚುಕ್ಕೆ ಅಂಟಲಿ. ನಟ್‌ನ ಮೇಲೆ ಒತ್ತಿದರೆ ಓಪನ್, ಮತ್ತೆ ಒತ್ತಿದರೆ ಮ್ಯೂಟ್. ಇಟ್ಟ ತಕ್ಷಣ ಕಾರ್ಡ್ ಕೇಳಿಸಲಿ. ತಪ್ಪು ಚುಕ್ಕೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಎಡಗೈಯವರಿಗೆ ಚಿತ್ರ ತಿರುಗಿಸುವುದನ್ನು ಬಿಡಿಸುವಾಗ ಮಾತ್ರ ಮಾಡಿ, ಡೇಟಾ ಮುಟ್ಟಬೇಡಿ. ನೊಟೇಶನ್ ಸಾಫ್ಟ್‌ವೇರ್‌ಗಳು ಹಂಚಿಕೊಳ್ಳುವ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲಿನಲ್ಲಿ 1ನೇ ತಂತಿ ಅಂದರೆ ತೆಳು ತಂತಿ, ನಾವು ಚಿತ್ರ ಓದುವುದು ದಪ್ಪ ತಂತಿ ಕಡೆಯಿಂದ. ಫೈಲ್ ಉಳಿಸುವಾಗ ಇಲ್ಲಿ ಎಡವೋದು ಸುಲಭ.

ಚಿತ್ರ ನೋಡಿ ಹೆಸರು ಹೇಳುವ ಸೌಲಭ್ಯವನ್ನೂ ಕೊಡಿ, ಆದರೆ ಸಲಹೆಯಾಗಿ ಮಾತ್ರ. ಸಿ, ಇ, ಜಿ, ಎ ನಾಲ್ಕೂ ಸೇರಿದರೆ ಸಿ 6 ಅನ್ನಬಹುದು, ಎ ಮೈನರ್ 7 ಅಂತಲೂ ಅನ್ನಬಹುದು. ಬರೆದವರು ಇಟ್ಟ ಹೆಸರನ್ನು ಸುಮ್ನೆ ಬದಲಾಯಿಸಬೇಡಿ.

ಇನ್ನೊಂದು, ಮರೆಯುವಂಥದ್ದು: ಹಾಡಿನ ಶ್ರುತಿ ಬದಲಿಸಿದಾಗ ಕಾರ್ಡ್ ಹೆಸರುಗಳೆಲ್ಲ ಬದಲಾಗುತ್ತವೆ. ಪಟ್ಟಿಯಿಂದ ಬಂದ ಚಿತ್ರ ತಾನಾಗಿ ಬದಲಾಗಲಿ. ಕೈಯಾರೆ ತಿದ್ದಿದ ಚಿತ್ರದಲ್ಲಿ ಓಪನ್ ತಂತಿ ಇಲ್ಲದಿದ್ದರೆ, ಸರಿಯಲು ಫ್ರೆಟ್ ಇದ್ದರೆ, ಹಿಡಿತವನ್ನು ಹಾಗೇ ಸರಿಸಿ. ಓಪನ್ ತಂತಿ ಇದ್ದರೆ ಅದು ಸರಿಯುವುದಿಲ್ಲ. ಆಗ ಹಳೇ ಚಿತ್ರವನ್ನು ಹೊಸ ಹೆಸರಿನ ಕೆಳಗೆ ಸದ್ದಿಲ್ಲದೆ ಬಿಟ್ಟುಬಿಡಬೇಡಿ. ಬಣ್ಣ ಹಚ್ಚಿ ತೋರಿಸಿ, ಬರೆದವರೇ ಬಂದು ಹೊಸ ಹಿಡಿತ ಆರಿಸಿಕೊಳ್ಳಲಿ.