ಮೆರವಣಿಗೆ ಆಯ್ತು, ಪಾರ್ಟ್ ಟು ಆರ್ಡರ್ ಆಯ್ತಾ?

ಹೋದ ತಿಂಗಳು ಅರಕಲಗೂಡು ಕಡೆಯ ಒಂದು ಹಳ್ಳಿಯಿಂದ ನಾಲ್ಕು ಹುಡುಗರು ನನ್ನ ಆಫೀಸಿಗೆ ಬಂದಿದ್ದರು. ಅವರ ಊರಿನ ಸೈನಿಕರೊಬ್ಬರು ಹದಿನೇಳು ವರ್ಷ ಸರ್ವಿಸ್ ಮುಗಿಸಿ ಊರಿಗೆ ಬರುತ್ತಿದ್ದಾರೆ. ಹಾಸನ ರೈಲ್ವೆ ಸ್ಟೇಷನ್ನಿನಿಂದಲೇ ಮೆರವಣಿಗೆ. ತೆರೆದ ಜೀಪು, ಡೊಳ್ಳು, ಮುಂದೆ ನಲವತ್ತು ಬೈಕು. ಮಾಜಿ ಸೈನಿಕರ ಪೆನ್ಶನ್ ಕೇಸು ನೋಡುವ ವಕೀಲ ಅಂತ ನನ್ನನ್ನೂ ವೇದಿಕೆಗೆ ಕರೆಯಲು ಬಂದಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಅವರ ಹೆಂಡತಿ ಹೆಸರು ಮಿಲಿಟರಿ ದಾಖಲೆಯಲ್ಲಿ ಹೇಗಿದೆ?"

ಹುಡುಗರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಬಾಯಿಬಿಟ್ಟ. "ಹೆಸರು ಗೊತ್ತಿಲ್ಲ ಸಾರ್. ನಾವು ಅತ್ತಿಗೆ ಅಂತೀವಿ."

ನನ್ನ ಇಪ್ಪತ್ತೆರಡು ವರ್ಷದ ವಕೀಲಿಕೆಯ ತಲೆನೋವೆಲ್ಲ ಆ ಒಂದು ಮಾತಿನಲ್ಲಿದೆ.

ಪಾರ್ಟ್ ಟು ಆರ್ಡರ್ ಅಂದರೆ ಏನು ಅಂತ ಸೈನಿಕನಿಗೆ ಹೇಳಬೇಕಿಲ್ಲ. ಮನೆಯವರಿಗೆ ಹೇಳಬೇಕು. ಸರ್ವಿಸ್‌ನಲ್ಲಿ ಇರುವಾಗ ಅವನಿಗೆ ಮದುವೆಯಾದರೆ, ಮಗು ಹುಟ್ಟಿದರೆ, ಅದನ್ನು ಅವನ ಯೂನಿಟ್ ಒಂದು ಆದೇಶವಾಗಿ ಹೊರಡಿಸುತ್ತದೆ. ಆ ಆದೇಶ ರೆಕಾರ್ಡ್ ಆಫೀಸಿಗೆ ಹೋಗಿ ಅವನ ಸೇವಾ ದಾಖಲೆಗೆ ಸೇರುತ್ತದೆ. ಇಂಜಿನಿಯರ್ಸ್‌ನ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಕಡೆಯವರಾದರೆ ರೆಕಾರ್ಡ್ ಆಫೀಸು ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ಗೆ ಊಟಿ ಹತ್ತಿರದ ವೆಲಿಂಗ್ಟನ್, ಆರ್ಟಿಲರಿಗೆ ನಾಸಿಕ್, ಸಿಗ್ನಲ್ಸ್‌ಗೆ ಜಬಲ್ಪುರ. ಅವನು ಪೆನ್ಶನ್ ಬರುವಾಗ ಪಿಪಿಒ, ಅಂದರೆ ಪೆನ್ಶನ್ ಕೊಡಿ ಅನ್ನುವ ಆದೇಶ, ತಯಾರಾಗುತ್ತದಲ್ಲ, ಅದರಲ್ಲಿ ಹೆಂಡತಿಯ ಹೆಸರು ಬರುವುದು ಈ ದಾಖಲೆಯಿಂದ. ನಾಳೆ ಅವನು ತೀರಿಹೋದರೆ ಫ್ಯಾಮಿಲಿ ಪೆನ್ಶನ್ ಕೊಡುವವರು ನೋಡುವುದೂ ಇದನ್ನೇ.

ಆಧಾರ್ ಕಾರ್ಡಿನಲ್ಲಿ ಏನಿದೆ ಅಂತ ಮೊದಲು ನೋಡುವುದಿಲ್ಲ. ರೇಷನ್ ಕಾರ್ಡ್ ನೋಡುವುದಿಲ್ಲ. ಲಗ್ನಪತ್ರಿಕೆಯನ್ನಂತೂ ನೋಡುವುದೇ ಇಲ್ಲ. ಊರಿಗೆಲ್ಲ ಗೊತ್ತಿದ್ದರೂ ಪ್ರಯೋಜನವಿಲ್ಲ. ದಾಖಲೆಯಲ್ಲಿ ಇರುವ ಹೆಸರು, ಹುಟ್ಟಿದ ದಿನಾಂಕ, ಇವು ಆಕೆಯ ಬೇರೆ ಕಾಗದಗಳಿಗೆ ತಾಳೆ ಆಗಬೇಕು. ಇಷ್ಟನ್ನು ನಾನು ದಿನಕ್ಕೆ ಮೂರು ಸಲ ಹೇಳುತ್ತೇನೆ. ಕೇಳಿದವರು ತಲೆ ಆಡಿಸಿ, ಎದ್ದು ಬಾಗಿಲ ತನಕ ಹೋಗಿ, ತಿರುಗಿ ನಿಂತು ಕೇಳುತ್ತಾರೆ: "ಅಂದ್ರೆ ಸಾರ್, ಆಧಾರ್ ಇದ್ರೆ ಸಾಕಲ್ವಾ?"

ಸಾಲದು.

ನಮ್ಮ ಕಡೆ ಈ ತಾಪತ್ರಯ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಹುಡುಗಿಗೆ ಮನೆಯಲ್ಲಿ ಪುಟ್ಟಮ್ಮ, ಶಾಲೆಯಲ್ಲಿ ಜಯಲಕ್ಷ್ಮಿ, ವೋಟರ್ ಲಿಸ್ಟಿನಲ್ಲಿ ಜಯಮ್ಮ. ಗಂಡ ಎರಡು ತಿಂಗಳ ರಜೆಗೆ ಬಂದಿರುತ್ತಾನೆ. ಅದರಲ್ಲೇ ಹೆಣ್ಣು ನೋಡಿ, ಶಾಸ್ತ್ರ ಮುಗಿಸಿ, ಮದುವೆಯಾಗಿ, ಬೀಗರ ಊಟ ಆದ ಹತ್ತೇ ದಿನಕ್ಕೆ ಮತ್ತೆ ಟ್ರಂಕು ಹೊತ್ತು ಹೊರಡುತ್ತಾನೆ. ಅಲ್ಲಿ ಆಫೀಸಿನಲ್ಲಿ ಹೆಂಡತಿ ಹೆಸರೇನು ಅಂದರೆ ಬಾಯಿಗೆ ಬಂದದ್ದು ಪುಟ್ಟಮ್ಮ. ಬರೆದುಕೊಳ್ಳುವ ಕ್ಲರ್ಕು ಬೇರೆ ರಾಜ್ಯದವನು. ಅವನ ಕಿವಿಗೆ ಕೇಳಿದ್ದು ಪುಟ್ಟಮ್ಮನೂ ಅಲ್ಲದ ಮತ್ತೊಂದು. ನಮ್ಮ ಇನಿಶಿಯಲ್ಲಿನ ಕಥೆ ಇನ್ನೂ ದೊಡ್ಡದು. ಹೆಚ್.ಕೆ. ಎಂದರೆ ನಮಗೆ ಊರು ಮತ್ತು ಅಪ್ಪ. ಅಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಬಿಡಿಸಿ ಬರೆದ ಹೆಸರನ್ನು ಆಮೇಲೆ ಯಾವ ಬ್ಯಾಂಕಿನವರೂ ಗುರುತು ಹಿಡಿಯುವುದಿಲ್ಲ.

ಆಲೂರು ಕಡೆಯ ಒಬ್ಬ ಹೆಣ್ಣುಮಗಳ ವಿಷಯ ಹೇಳಿಬಿಡುತ್ತೇನೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ಗಂಡ ಹವಾಲ್ದಾರ್ ಆಗಿ ಪೆನ್ಶನ್ ಬಂದಿದ್ದವರು. ಆಮೇಲೆ ಸಕಲೇಶಪುರದ ಒಂದು ತೋಟದಲ್ಲಿ ರೈಟರ್ ಕೆಲಸ. ಒಂದು ಬೆಳಿಗ್ಗೆ ಎದೆನೋವು ಅಂತ ಕೂತವರು ಏಳಲಿಲ್ಲ. ಸಾವಿಗೆ ಊರೇ ಸೇರಿತ್ತು. ತ್ರಿವರ್ಣ ಧ್ವಜ ಹೊದಿಸಿದರು, ಬಸ್ ಸ್ಟ್ಯಾಂಡಿನಷ್ಟು ದೊಡ್ಡ ಫ್ಲೆಕ್ಸು ಕಟ್ಟಿದರು. ಭಾಷಣ ಮಾಡಿದವರು ಆಕೆಯನ್ನು 'ವೀರ ಯೋಧನ ಪತ್ನಿ' ಅಂದರು. ತಿಥಿ ಆಯಿತು. ಮುಂದಿನ ತಿಂಗಳು ಪೆನ್ಶನ್ ನಿಂತಿತು. ಪಿಪಿಒದಲ್ಲಿದ್ದದ್ದು ಬೇರೆಯದೇ ಹೆಸರು. ಕಾಗದದ ಪ್ರಕಾರ ಈಕೆ ಅವರ ಹೆಂಡತಿಯೇ ಅಲ್ಲ.

ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಅಫಿಡವಿಟ್, ಪೇಪರಿನಲ್ಲಿ ಪ್ರಕಟಣೆ, ಎರಡೂ ಹೆಸರಿನವರು ಒಬ್ಬರೇ ಎಂಬ ಪ್ರಮಾಣಪತ್ರ, ಮದುವೆಯ ದಾಖಲೆ, ಮಕ್ಕಳ ಶಾಲೆಯ ದಾಖಲೆ. ಒಂದೊಂದು ಕಾಗದ ಹೋದಾಗಲೂ ಇನ್ನೊಂದು ಕಾಗದ ಕೇಳಿ ಪತ್ರ ಬರುತ್ತಿತ್ತು. ನಾನು ಆ ಆಫೀಸಿನವರನ್ನು ಬಯ್ಯುವುದಿಲ್ಲ, ಅವರು ಕಾಗದ ನೋಡುವವರು. ಬಾಕಿ ಹಣ ಕೊನೆಗೆ ಒಟ್ಟಿಗೆ ಬಂತು. ಆದರೆ ಆ ಎರಡು ವರ್ಷ ಆಕೆ ಅದೇ ತೋಟದಲ್ಲಿ ಕಾಫಿ ಕೊಯ್ಯಲು ಹೋದರು. ಗಂಡ ರೈಟರ್ ಆಗಿ ಹಾಜರಿ ಹಾಕುತ್ತಿದ್ದ ಸಾಲಿನಲ್ಲೇ ಈಕೆ ಹಾಜರಿಗೆ ನಿಂತದ್ದು. ನನಗೆ ಅದು ಈಗಲೂ ಚುಚ್ಚುತ್ತದೆ.

ಕಮ್ಮಿ ಹಣ ಅಂತೀರಾ? ಸಾಮಾನ್ಯ ಫ್ಯಾಮಿಲಿ ಪೆನ್ಶನ್ ಅಂದರೆ ಕೊನೆಯ ಸಂಬಳದ ನೂರಕ್ಕೆ 30. ಪೆನ್ಶನ್ ಬಂದ ಮೇಲೆ ತೀರಿಕೊಂಡವರ ಮನೆಯವರಿಗೆ ಮೊದಲ 7 ವರ್ಷ, ಅಥವಾ ಅವರು ಬದುಕಿದ್ದರೆ 67 ವರ್ಷ ಆಗುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಹೆಚ್ಚಿನ ದರವಿದೆ. ಏಳನೇ ವೇತನ ಆಯೋಗದ ನಂತರ ಕನಿಷ್ಠ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಪ್ರತಿ ಕೇಸೂ ಬೇರೆ, ನಿಮ್ಮ ಲೆಕ್ಕ ಇದಕ್ಕಿಂತ ಬೇರೆ ಇರಬಹುದು, ಇದನ್ನೇ ಹಿಡಿದುಕೊಂಡು ಯಾರ ಹತ್ತಿರವೂ ಜಗಳಕ್ಕೆ ಹೋಗಬೇಡಿ.

ಈ ಮೆರವಣಿಗೆ ಯಾವಾಗ ಶುರುವಾಯಿತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಒಬ್ಬರಿದ್ದರು, 'ಬರ್ಮಾ ತಾತ' ಅಂತ ಕರೆಯುತ್ತಿದ್ದೆವು. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಆ ಯುದ್ಧದಲ್ಲಿ ಇಂಡಿಯಾದ ಸೇನೆ 25 ಲಕ್ಷ ದಾಟಿತ್ತು. ಮುಗಿದ ಮೇಲೆ ಬಹುಪಾಲು ಜನರನ್ನು ಮನೆಗೆ ಕಳಿಸಿದರು. ಪೆನ್ಶನ್ ಸಿಗುವಷ್ಟು ವರ್ಷ ಅವರಲ್ಲಿ ಹೆಚ್ಚಿನವರು ದುಡಿದಿರಲಿಲ್ಲ. ತಾತ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ನಡೆದುಕೊಂಡೇ ಊರಿಗೆ ಬಂದರಂತೆ. ಎದುರಿಗೆ ಸಿಕ್ಕವರು ಕೇಳಿದ್ದು, "ಏನ್ಲಾ, ದಂಡಿನಿಂದ ಓಡಿಬಂದ್ಯಾ?" ಅಂತ. ಅಷ್ಟೇ ಸ್ವಾಗತ. ಹೊಟ್ಟೆಗಿಲ್ಲದವನು, ಮನೆಯಲ್ಲಿ ಜಗಳ ಆಡಿದವನು ದಂಡಿಗೆ ಸೇರುತ್ತಾನೆ ಅನ್ನುವುದು ಆಗಿನ ಲೆಕ್ಕ. ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡುತ್ತಿದ್ದರು. ತಾತ ಮಾತ್ರ ಸಾಯುವ ತನಕ ಚಪ್ಪಲಿಗೂ ಪಾಲಿಶ್ ಹಾಕುತ್ತಿದ್ದರು.

1965, 1971ರ ಯುದ್ಧಗಳ ಮೇಲೆ ಗೌರವ ಬಂತು. ಆದರೆ ಅದು ದೂರದ ಗೌರವ. ಊರಿಗೆ ಬಂದವನ ಹತ್ತಿರ ಜನ ಕೇಳುತ್ತಿದ್ದದ್ದು ಕ್ಯಾಂಟೀನಿನ ರಮ್ಮು. ಜೊತೆಗೆ ಒಂದು ಹೊಟ್ಟೆಉರಿ: "ನಿಮಗೇನು ಬಿಡಿ, ಸರ್ಕಾರದಿಂದ ಜಮೀನು ಸಿಗುತ್ತೆ." ಭೂ ಮಂಜೂರಾತಿ ನಿಯಮದಲ್ಲಿ ಮಾಜಿ ಸೈನಿಕರಿಗೆ ಪಾಲು ಇದೆ, ನಿಜ. ಆದರೆ ಪಾಲು ಇರುವುದು ಬೇರೆ, ಗುಂಟೆ ಕೈಗೆ ಬರುವುದು ಬೇರೆ. ಅರ್ಜಿ ಹಿಡಿದು ತಾಲ್ಲೂಕು ಆಫೀಸು ಸುತ್ತಿ ಚಪ್ಪಲಿ ಸವೆಸಿದವರು ನನ್ನ ಫೈಲುಗಳಲ್ಲಿ ಬೇಕಾದಷ್ಟಿದ್ದಾರೆ.

ಶ್ರೀಲಂಕಾಕ್ಕೆ ಹೋಗಿ ಬಂದವರದು ಇನ್ನೊಂದು ಥರ. 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆ ಅಲ್ಲಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೇ ಹೋಗಲಿಲ್ಲ. ಹೊಳೆನರಸೀಪುರ ಕಡೆಯ ನನ್ನ ಕಕ್ಷಿದಾರರೊಬ್ಬರು ಜಾಫ್ನಾದಲ್ಲಿ ಕಾಲಿಗೆ ಗುಂಡು ತಿಂದವರು. "ಅದು ಯಾವ ಯುದ್ಧ?" ಅಂತ ಸ್ವಂತ ಮೊಮ್ಮಗನೇ ಕೇಳಿದನಂತೆ. ಹೇಳಿ ನಕ್ಕರು. ನಾನು ನಗಲಿಲ್ಲ.

ಬದಲಾಗಿದ್ದು 1999ರಲ್ಲಿ. ಕಾರ್ಗಿಲ್ ಯುದ್ಧ ಟಿವಿಯಲ್ಲಿ ಮನೆಮನೆಗೆ ಬಂತು. ಅದಕ್ಕಿಂತ ದೊಡ್ಡ ವಿಷಯ, ಸತ್ತವರ ದೇಹ ಊರಿಗೆ ಬರತೊಡಗಿತು. ಮೊದಲಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ಅಲ್ಲೇ ಅಂತ್ಯಸಂಸ್ಕಾರ ಆಗುತ್ತಿತ್ತು, ಮನೆಗೆ ಬರುತ್ತಿದ್ದದ್ದು ಟೆಲಿಗ್ರಾಂ. ಪೆಟ್ಟಿಗೆ ಬಂದು ಅಂಗಳದಲ್ಲಿ ಇಳಿದಾಗ ಊರಿಗೆ ಊರೇ ಅದನ್ನು ನೋಡಿತು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೋದರು. ಹಿಮದಡಿಯಿಂದ ಆರು ದಿನದ ಮೇಲೆ ಜೀವಂತ ಸಿಕ್ಕ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ದೇಶ ಹರಕೆ ಹೊತ್ತಿತ್ತು. ಆ ಹತ್ತು ಜನರಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಕೂಡ ಇದ್ದರು. ಆಮೇಲಿಂದ ನಮ್ಮ ಕಡೆ ಸೈನಿಕ ಅಂದರೆ ಎದ್ದು ನಿಲ್ಲುವ ಹುಡುಗರು ಹೆಚ್ಚಾದರು. ಜೀಪು, ಡೊಳ್ಳು ಜಾಸ್ತಿಯಾದದ್ದೂ ನಾನು ಕಂಡ ಹಾಗೆ ಆ ವರ್ಷಗಳಿಂದಲೇ.

ನನಗೆ ಇದು ಬೇಸರವಲ್ಲ. ಬರ್ಮಾ ತಾತನಿಗೆ ಸಿಕ್ಕಿದ್ದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಇದೇ ಜನ 2015ರಲ್ಲಿ ಒಂದು ಶ್ರೇಣಿ ಒಂದು ಪಿಂಚಣಿಗಾಗಿ ಮುದುಕ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಸರದಿ ಉಪವಾಸ ಕೂತಾಗ "ಇವರಿಗೆ ಇನ್ನೆಷ್ಟು ಬೇಕಂತೆ?" ಅಂದದ್ದನ್ನೂ ನಾನು ಕೇಳಿದ್ದೇನೆ. ಇಲ್ಲೇ, ಮಹಾವೀರ ಸರ್ಕಲ್ ಹತ್ತಿರದ ಕಾಫಿ ಅಂಗಡಿಯಲ್ಲಿ. ಜೀಪಿನ ಮೇಲೆ ನಿಂತವನಿಗೆ ಕೈ ಮುಗಿಯುತ್ತೇವೆ. ಅವನು ಇಳಿದು ಕಾಗದ ಹಿಡಿದುಕೊಂಡು ಬಂದರೆ ನಮಗೆ ಕೆಲಸ ನೆನಪಾಗುತ್ತದೆ.

ಸೈನಿಕರೂ ಕಮ್ಮಿ ಇಲ್ಲ. ಮೂವತ್ತೆಂಟು, ನಲವತ್ತಕ್ಕೆ ಪೆನ್ಶನ್ ಬಂದ ಗಟ್ಟಿಮುಟ್ಟಾದ ಆಸಾಮಿ, ಕೊರಳಲ್ಲಿ ಇನ್ನೂ ಹಾರದ ವಾಸನೆ. ಅವನ ಮುಂದೆ "ನೀವು ಸತ್ತಮೇಲೆ" ಅಂತ ಮಾತು ತೆಗೆದರೆ ಹೇಗಿರುತ್ತೆ ಹೇಳಿ. ಒಬ್ಬರು ಎದ್ದೇ ಹೋದರು. ಇನ್ನೊಬ್ಬರು, "ವಕೀಲರೇ, ಚೀನಾ ಬಾರ್ಡರ್‌ನಲ್ಲೇ ಸಾಯ್ಲಿಲ್ಲ, ಹಾಸನದಲ್ಲಿ ಸಾಯ್ತೀನಾ?" ಅಂದರು. ಬಿ.ಎಂ. ರಸ್ತೆಯಲ್ಲಿ ಬೈಕು ಓಡಿಸುವವರು ಆಡುವ ಮಾತಲ್ಲ ಅದು.

ಹಾಗಾಗಿ ನಾನು ಈಗ ಗಂಡಸರಿಗೆ ಹೇಳುವುದು ಬಿಟ್ಟಿದ್ದೇನೆ. ಹೆಂಗಸರಿಗೆ ಹೇಳುತ್ತೇನೆ. ಅಮ್ಮಾ, ನಿಮ್ಮ ಯಜಮಾನರ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಟ್ರಂಕಿನಲ್ಲಿ ಇರುತ್ತೆ. ತೆಗೆದು ನೋಡಿ. ನಿಮ್ಮ ಹೆಸರು, ಹುಟ್ಟಿದ ದಿನ, ಮಕ್ಕಳ ಹೆಸರು ನಿಮ್ಮ ಆಧಾರ್‌ಗೆ ಅಕ್ಷರ ಅಕ್ಷರ ಹೊಂದುತ್ತಾ ನೋಡಿ. ಇಂಗ್ಲಿಷ್ ಬರದಿದ್ದರೆ ಮಗಳ ಕೈಲಿ ಓದಿಸಿ. ಹೊಂದದಿದ್ದರೆ ಯಜಮಾನರು ಬದುಕಿರುವಾಗಲೇ ಅವರಿಂದಲೇ ಅರ್ಜಿ ಹಾಕಿಸಿ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಯಾವ ಕಾಗದ ಬೇಕು ಅಂತ ಹೇಳುತ್ತಾರೆ, ಅಲ್ಲಿಂದ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಅದಕ್ಕೆ ವಕೀಲರು ಬೇಕಿಲ್ಲ. ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ ಅಂತ ನನ್ನ ಜೂನಿಯರ್ ಹೇಳುತ್ತಾಳೆ. ಹುಟ್ಟಿನಿಂದ ಅಂಗವಿಕಲ ಮಗು ಇರುವ ಮನೆಯವರು ಆ ಮಗುವಿನ ವಿಷಯವೂ ದಾಖಲಾಗಿದೆಯಾ ಅಂತ ಖಂಡಿತ ನೋಡಬೇಕು. ಪಿಪಿಒದಲ್ಲಿ ಹೆಂಡತಿಯ ಹೆಸರೇ ಇಲ್ಲದ ತುಂಬಾ ಹಳೆಯ ಪೆನ್ಶನ್‌ಗಳೂ ಇವೆ. ಅಂಥವರು ನಾಳೆ ಅನ್ನಬೇಡಿ.

ಸರ್ವಿಸ್‌ನಲ್ಲಿ ಇರುವ ಹುಡುಗರಿಗೆ ಇನ್ನೂ ಸುಲಭ. ಯೂನಿಟ್‌ನಲ್ಲೇ ಸರಿ ಮಾಡಿಸಬಹುದು. 2022ರ ನಂತರ ಸೇರಿದ ಅಗ್ನಿವೀರರದು ಬೇರೆ ಲೆಕ್ಕ. ನಾಲ್ಕು ವರ್ಷ, ಪೆನ್ಶನ್ ಇಲ್ಲ, ಆ ಅವಧಿಯಲ್ಲಿ ಮದುವೆಯೂ ಆಗುವಂತಿಲ್ಲ. ಅವರು ಊರಿಗೆ ಬಂದಾಗ ಜೀಪು ಇರುತ್ತಾ ನೋಡಬೇಕು. ಆ ವಿಷಯ ಇನ್ನೊಂದು ಸಲ.

ಅರಕಲಗೂಡಿನ ಮೆರವಣಿಗೆಗೆ ಹೋಗಿದ್ದೆ. ಚೆನ್ನಾಗಿಯೇ ನಡೆಯಿತು. ವೇದಿಕೆ ಮೇಲೆ ಅವರಿಗೆ ಪೇಟ, ಶಾಲು, ಹಾರ. ಪಕ್ಕದಲ್ಲಿ ಆಕೆಗೆ ಅರಿಶಿನ ಕುಂಕುಮ, ರವಿಕೆ ಕಣ. ಮೈಕಿನವನು ಇಬ್ಬರನ್ನೂ ಕರೆದದ್ದು ಯಜಮಾನರ ಹೆಸರಿನಲ್ಲೇ, 'ದಂಪತಿಗಳು' ಅಂತ ಸೇರಿಸಿ. ನನ್ನ ಭಾಷಣದ ಸರದಿ ಬಂದಾಗ ಎರಡೇ ಮಾತು ಆಡಿದೆ. ಆಮೇಲೆ ಆಕೆಯ ಹತ್ತಿರ ಹೋಗಿ ಹೆಸರು ಕೇಳಿದೆ. ಗಾಬರಿಯಾಗಿ ಗಂಡನ ಮುಖ ನೋಡಿದರು, ಆಮೇಲೆ ಹೇಳಿದರು. ಮಂಗಳವಾರ ಟ್ರಂಕಿನ ಕಾಗದಗಳನ್ನೆಲ್ಲ ತೆಗೆದುಕೊಂಡು ಬನ್ನಿ ಅಂದೆ.

ಇಬ್ಬರೂ ಬಂದಿದ್ದರು. ಹೆಸರು ಸರಿಯಾಗಿಯೇ ಇತ್ತು, ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ. ಆತ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು. ಆಕೆ ಮಾತ್ರ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಕೆಳಗಿನ ಸಾಲು ಓದುತ್ತಿದ್ದರು.

"ರೀ, ಇಲ್ಲಿ ನೋಡ್ರಿ. ನಾನು ನಿಮಗಿಂತ ನಾಲ್ಕು ವರ್ಷ ದೊಡ್ಡವಳಂತೆ."